ಮ್ಯಾಟಿನಡಿಯ ರಾಗಿ

"ಕೀಳ್ಬ್ಯಾಡ ಕಣಮ್ಮಿ!" ಅಪ್ಪ ಮುದ್ದಯ್ಯ ಕೂಗಿದ್ದಕ್ಕೆ, ಕಾರಿನೊಳಗೆ ಬಗ್ಗಿದ್ದ ಶಾಂತಿಯ ಕೈ ಹಾಗೇ ನಿಂತಿತು.

ಕಾರಿನ ತುಂಬ ಮನಿಪ್ಲಾಂಟಿನ ಪಾಟುಗಳನ್ನಿಟ್ಟು ಸಿಂಗರಿಸಿದ ಶೋಕಿ ಅವಳದೇ. ಸೊಳ್ಳೆ ಸೇರಿದವು, ಮುಗ್ಗುಲು ವಾಸನೆ ಹಿಡಿಯಿತು. ನಿನ್ನೆ ಬದನಗುಪ್ಪೆಯ ಫ್ಯಾಕ್ಟರಿಯಿಂದ ಬರುವಾಗಂತೂ ಒಂದು ಪಾಟು ಉರುಳಿ ಬ್ರೇಕಿನಡಿ ಸಿಕ್ಕಿಕೊಂಡು ಜೀವವೇ ಬಾಯಿಗೆ ಬಂದಿತ್ತು. ಇವತ್ತು ಅಷ್ಟನ್ನೂ ಹೊರಗೆಸೆದು ಹಿಂದಿನ ಸೀಟಿನ ಮ್ಯಾಟು ಕಿತ್ತರೆ, ಸೋರಿದ ನೀರು ಕುಡಿದು ಎಳೆ ಪೈರು ಎದ್ದಿತ್ತು. ಮಿಲ್ಲಿಗೆ ಒಯ್ಯುವಾಗ ಮೂಟೆಯಿಂದ ಚೆಲ್ಲಿದ ರಾಗಿ.

"ನಮ್ಮೆತ್ತಿನ ಗಾಡೀಲೂ ಇಂಗೇ ಉಟ್ಟಿತ್ತು, ಅಲಗೆ ಸಂದೀಲಿ. ನಿಮ್ಮವ್ವ ಕೀಳಾಕೇ ಬುಡ್ನಿಲ್ಲ. 'ಇದು ನಮ್ಮನೆ ಗಾಡಿ ಅಂತ ರಾಗೀಗೂ ಗೊತ್ತಾಯ್ತು, ಇರ್ಲಿ ಬುಡು' ಅಂದ್ಬುಟ್ಲು" ಎಂದು ಮುದ್ದಯ್ಯ ಬಗ್ಗಿ, ಪೈರಿನ ತುದಿಯನ್ನು ಅಂಗೈಯಲ್ಲಿ ಸವರಿದ.

ಕಾರು ಬಂದಾಗಿನಿಂದ ಅಪ್ಪ ಅದರಲ್ಲಿ ಯಾರದೋ ಮನೆಗೆ ಬಂದವನಂತೆ ಸೀಟಿನ ತುದಿಯಲ್ಲಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಕೂರುತ್ತಿದ್ದ. ಇವತ್ತು ಚಪ್ಪಲಿ ಅಂಗಳದಲ್ಲೇ ಉಳಿದವು. ಪೈರು ತುಳಿಯದಂತೆ ಎರಡೂ ಕಾಲನ್ನು ಸೀಟಿನ ಮೇಲಕ್ಕೆಳೆದುಕೊಂಡು, ಗಾಡಿಯಲ್ಲಿ ಕೂರುತ್ತಿದ್ದಂತೆಯೇ ಚಕ್ಕಂಬಟ್ಟಲು ಹಾಕಿ ಒರಗಿದ. ಶಾಂತಿ ಮುಂದೆ ಹೋಗಿ ಸ್ಟೇರಿಂಗ್ ಹಿಡಿದಳು.

"ನಡಿ ಮತ್ತೆ, ಗುಂಡ್ಲುಪೇಟೆಗೆ ಓಗನ" ಎಂದವನೇ ಮುದ್ದಯ್ಯ, ಎತ್ತಿನ ಬೆನ್ನು ತಟ್ಟುವಂತೆ ಮುಂದಿನ ಸೀಟಿನ ಬೆನ್ನನ್ನು ಮೆಲ್ಲಗೆ ತಟ್ಟಿದ.