ಈ ಮನೆಯ ಬ್ರೆಜಿಲ್‌ನವಳು

ಬಾಗಿಲು ತೆರೆದ ಕೂಡಲೇ ಒಟ್ಟೊರಿನೊನ ಕಣ್ಣಿಗೆ ಬಿದ್ದದ್ದು ಸೂಟ್‌ಕೇಸು. ಕಿತ್ತಳೆ ಬಣ್ಣದ್ದು, ಹೊಸದು, ಹೊಟ್ಟೆ ಬಿರಿಯುವಂತೆ ತುಂಬಿದ್ದು. ಅದರ ಹಿಂದೆ ಹಳದಿ ಹೂವಿನ ಅಂಗಿ ತೊಟ್ಟ ಹೆಂಗಸೊಬ್ಬಳು ಫೋನಿನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಯಾರನ್ನೋ ಮುದ್ದು ಮಾಡುತ್ತಿದ್ದಳು. ಆ ಕಡೆಯ ಗಂಡಸು ಅವಳ ಪ್ರತಿ ಮಾತಿಗೂ ಬಿದ್ದು ಬಿದ್ದು ನಗುತ್ತಿದ್ದ.

ಸಿಕ್ಕಿಬಿದ್ದಳು, ಅಂದುಕೊಂಡ ಒಟ್ಟೊರಿನೊ.

ಅವನು ಪುರಸಭೆಯ ಪೇದೆ. ವೆನೆಟೊ ಗುಡ್ಡಗಳ ನಡುವಿನ ಈ ರೊವೆಗ್ರಾಕ್ಕೆ ಕೆಳಗಿನ ಪಟ್ಟಣದಿಂದ ವರ್ಗವಾಗಿ ಬಂದವನು. ಮುತ್ತಜ್ಜ ಇಲ್ಲಿಂದಲೇ ಹೋಗಿ ಹಡಗು ಹತ್ತಿದ್ದನೆಂದು ಬ್ರೆಜಿಲ್‌ನಿಂದ ಬರುವವರಿಗೆ ಇಟಲಿಯ ಪೌರತ್ವ ಸಿಗುತ್ತದೆ. ಆದರೆ ಅರ್ಜಿ ಹಾಕಿದವರು ಊರಲ್ಲಿ ನಿಜಕ್ಕೂ ವಾಸವಿರಬೇಕು. ಇದ್ದಾರೋ ಇಲ್ಲವೋ ಎಂದು ಹೇಳದೆ ಕೇಳದೆ ಬಂದು ನೋಡುವುದು ಪೇದೆಯ ಕೆಲಸ. ಅವನು ಬಂದ ಹೊಸತರಲ್ಲೇ ಒಂದು ಕುಟುಂಬ ಕಣ್ಣಿಗೆ ಮಣ್ಣೆರಚಿ, ಪೌರತ್ವದ ಕಾಗದ ಕೈಗೆ ಬಿದ್ದ ಮರುದಿನ ವಿಮಾನ ಹತ್ತಿತ್ತು. ಇನ್ನೊಂದು ಸಲ ಹೀಗಾದರೆ ನಿನ್ನನ್ನು ಶಾಲೆ ಮುಂದೆ ಸೀಟಿ ಊದಲು ನಿಲ್ಲಿಸುತ್ತೇನೆ ಎಂದಿದ್ದರು ಮೇಯರಮ್ಮ.

ಈ ಮನೆಗೆ ಇದು ಮೂರನೇ ಸಲ. ಹಿಂದೆ ಎರಡು ಸಲವೂ ಬೀಗ. ಇವತ್ತೂ ನಂಬಿಕೆ ಬಾರದಿದ್ದರೆ ಅರ್ಜಿ ವಜಾ. ಅರ್ಜಿದಾರಳು ಇರಸೆಮಾ ಜಾಂಕೆತ್ತಾ, ಮನೆಯೊಡತಿ ವಿಧವೆ ಲೊರೆದಾನ ಜಾಂಕೆತ್ತಾ. ಅದರಲ್ಲಿ ಆಶ್ಚರ್ಯವೇನಿಲ್ಲ, ಊರಿನ ಅರ್ಧಕ್ಕರ್ಧ ಜನ ಜಾಂಕೆತ್ತಾಗಳೇ.

“ಬ್ರೆಜಿಲ್‌ನವರ ವಾಸದ ತಪಾಸಣೆಗೆ ಬಂದಿದ್ದೀನಿ,” ಎಂದ.

“ಅಯ್ಯೋ, ಬನ್ನಿ ಬನ್ನಿ. ನಿಮ್ಮ ದಾರಿ ಕಾದು ಕಾದು ಸಾಕಾಗಿತ್ತು,” ಎಂದು ಹಳದಿ ಅಂಗಿಯವಳು ಫೋನು ಮುಚ್ಚಿ ಒಳಗೆ ಕರೆದಳು.

ಕಡತದಲ್ಲಿ ಅರವತ್ತನಾಲ್ಕು ವರ್ಷ ಎಂದಿತ್ತು. ಇವಳನ್ನು ನೋಡಿದರೆ ಐವತ್ತು ದಾಟಿದಂತಿಲ್ಲ. ಕೂದಲಿನ ಬಣ್ಣ ವಯಸ್ಸು ಕದಿಯುವುದು ಒಟ್ಟೊರಿನೊಗೆ ಗೊತ್ತಿಲ್ಲದ್ದೇನಲ್ಲ. ಪಾಸ್‌ಪೋರ್ಟು ಕೇಳಬೇಕಿತ್ತು, ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಅಡುಗೆಮನೆಯಲ್ಲಿ ತಲೆಗೆ ಕರಿ ವಸ್ತ್ರ ಕಟ್ಟಿದ ಇನ್ನೊಬ್ಬಳು ತಾಮ್ರದ ಹಂಡೆಯಲ್ಲಿ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು.

“ಯಾಕಪ್ಪ, ಬಾಗ್ಲಾಗೇ ನಿಂತ್ಕಂಡೆ? ಕುಂತ್ಕೋ. ಹೋದ್ಸಲ ನೀ ಬಂದಾಗ ಅಣಬೆ ಆಯಕ್ಕೆ ಹೋಗಿದ್ವಿ ಕಣಪ್ಪ. ಮೊದ್ಲು ಒಂದ್ ತುತ್ತು ಉಣ್ಣು, ಆಮ್ಯಾಕೆ ಏನ್ ಕೇಳೋದಿದ್ರೂ ಕೇಳೀಯಂತೆ.”

ಒಟ್ಟೊರಿನೊನ ಎದೆ ಕರಗಿತು. ಅವನಜ್ಜಿ ಆಡುತ್ತಿದ್ದ ಹಳೆಯ ವೆನೆಟೊ ಹಳ್ಳಿಮಾತು ಇದು. ಅಜ್ಜಿ ಸತ್ತ ಮೇಲೆ ಈ ಮಾತು ಕಿವಿಗೆ ಬಿದ್ದಿರಲಿಲ್ಲ. ಪಟ್ಟಣದವರು ನಾಚಿಕೆಪಟ್ಟು ಬಿಟ್ಟಿದ್ದರು, ಊರಿನವರು ಪಟ್ಟಣದವರನ್ನು ನೋಡಿ ಬಿಟ್ಟಿದ್ದರು. ಅವಳು ಮುದ್ದೆಯನ್ನು ಹಲಗೆಗೆ ಸುರಿದು, ಚಾಕು ಮುಟ್ಟದೆ, ಅಜ್ಜಿಯಂತೆಯೇ ದಾರದಿಂದ ಕೊಯ್ದಳು. ಮನೆಯೊಡತಿ ಎಂದರೆ ಹೀಗಿರಬೇಕು, ಅಂದುಕೊಂಡ.

ಅವನು ಹಳದಿ ಅಂಗಿಯವಳ ಕಡೆ ತಿರುಗಿದ. “ಪ್ರಯಾಣ ಯಾವಾಗ?”

“ನಾಳೆ ಬೆಳಿಗ್ಗೆ. ಬ್ರೆಜಿಲ್‌ಗೆ.”

“ವಾಪಸ್ಸು?”

“ಯಾಕೆ ಬರ್ಲಿ? ಅಲ್ಲಿ ನನ್ನ ಮದುವೆ. ಈ ವಯಸ್ಸಲ್ಲಿ ಸಿಕ್ಕಿದ್ದೇ ಪುಣ್ಯ, ಬಿಟ್ಟು ಬರೋಕೆ ನಂಗೇನು ಹುಚ್ಚಾ?”

“ಇದನ್ನ ನನ್ನ ಮುಖಕ್ಕೇ ಹೇಳ್ತೀರಲ್ಲ.”

“ಮುಚ್ಚಿಡೋಕೆ ಏನಿದೆ? ಊರಿಗೆಲ್ಲ ಸಾರಿದ್ದೀನಿ. ನಿಮಗೂ ಸಿಹಿ ಇದೆ, ತಗೊಳ್ಳಿ,” ಎಂದು ತಟ್ಟೆ ಮುಂದಿಟ್ಟಳು.

ಎಂಥ ಗಟ್ಟಿಗಿತ್ತಿ. ಒಟ್ಟೊರಿನೊ ಸಿಹಿ ಮುಟ್ಟಲಿಲ್ಲ. ಮುದ್ದೆಯವಳನ್ನು ಕೇಳಿದ, “ನೀವು ಸತ್ಯ ಹೇಳಿ ಅಮ್ಮಾ. ಇವರು ಇಲ್ಲಿ ವಾಸ ಇದ್ದಾರಾ?”

“ಇದ್ಲು ಕಣಪ್ಪ. ಇನ್ಮ್ಯಾಕೆ ಇರಾಕಿಲ್ಲ. ಉಣ್ಣೋ ಹೊತ್ನಾಗೆ ಯಾಕ್ ಸುಳ್ ಹೇಳ್ಲಿ?”

“ನೀವು?”

“ನಾನೆಲ್ಲಿಗ್ ಹೋಗ್ಲಿ? ಆ ಕಿಟಕಿಯಾಚೆ ಆಕ್ರೋಟ್ ಮರ ಐತಲ್ಲ, ನಮ್ ಮುತ್ತಾತ ನೆಟ್ಟಿದ್ದು. ನನ್ ಮಣ್ಣು ಅದ್ರ ಬುಡದಾಗೇ.” ಅವಳು ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ಅಲ್ಲ ಮಗಾ, ಅರ್ಜಿ ಬಿದ್ದೋದ್ರೆ ಏನಾಯ್ತದೆ?”

“ಬಂದ ದಾರಿಗೆ ಸುಂಕವಿಲ್ಲ ಅಂತ ಬ್ರೆಜಿಲ್‌ಗೆ ವಾಪಸ್.”

ಅವಳ ಮುಖ ಬಿಳಚಿಕೊಂಡಿತು. ಕಣ್ಣಲ್ಲಿ ನೀರಾಡಿತು. ಪಾಪ, ಬಾಡಿಗೆಗೆ ಬಂದವಳ ಮೇಲೆ ಇಷ್ಟು ಮಮತೆ! ಅಂಥವಳ ಮನೆಯಲ್ಲಿ ಉಂಡು ಅಂಥವಳಿಗೇ ನೋವು ಕೊಡಬೇಕಲ್ಲ ಎಂದು ಒಟ್ಟೊರಿನೊಗೆ ನಿಜಕ್ಕೂ ಸಂಕಟವಾಯಿತು. ಆದರೆ ಕರ್ತವ್ಯ ಕರ್ತವ್ಯವೇ. ನಾಳೆ ಮೇಯರಮ್ಮನ ಮುಂದೆ ಎದೆಯುಬ್ಬಿಸಿ ನಿಲ್ಲುವುದನ್ನು ನೆನೆದರೆ ಒಳಗೊಳಗೇ ಕುಣಿಯುವಂತಾಗುತ್ತಿತ್ತು.

ಕಾಗದ ತೆಗೆದ. ತೀರ್ಮಾನದ ಜಾಗ ಖಾಲಿಯಿತ್ತು. ಅದನ್ನು ತುಂಬುವ ಮೊದಲು ಅರ್ಜಿದಾರರ ಸಹಿ ಬೀಳಬೇಕು. ಪೆನ್ನಿನ ಮುಚ್ಚಳ ತೆಗೆದು ಹಳದಿ ಅಂಗಿಯವಳ ಮುಂದೆ ಹಿಡಿದ.

“ನಾನ್ಯಾಕ್ರೀ ಹಾಕ್ಲಿ?” ಎಂದಳು ಅವಳು.

ಕರಿ ವಸ್ತ್ರದವಳು ಕೈ ಒರೆಸಿಕೊಂಡು ಪೆನ್ನು ಕಿತ್ತುಕೊಂಡಳು: “ಕೊಡಪ್ಪ ಇತ್ಲಾಗೆ, ಬ್ರೆಜಿಲ್‌ನಿಂದ ಬಂದ ಇರಸೆಮಾ ನಾನು, ಮುತ್ತಾತ ಹಡಗ್ನಾಗೆ ಹೊತ್ಕಂಡೋದ ಮಾತ್ನೇ ಅಲ್ಲಿ ಇವತ್ತಿಗೂ ಆಡ್ತೀವಿ, ನಿಮ್ ಲೊರೆದಾನ ನಾಳೆ ಹೊಂಟವ್ಳೆ, ನನ್ ತಮ್ಮನ್ನ ಕಟ್ಕಳಾಕೆ.”