ಹಿಮಕರಡಿಗೆ ಎಸೆದ ಹೋಳಿಗೆ

ಧ್ರುವದಂಚಿನ ಆ ಪುಟ್ಟ ಊರಿಗೆ ವಿಮಲಾಕ್ಷಿ ಹೋದದ್ದು ಹಿಮಕರಡಿಯನ್ನೂ ಆಕಾಶದ ಧ್ರುವಪ್ರಭೆಯನ್ನೂ ನೋಡಲು. ಗೈಡ್ ಅಂತೋನ ಓಡಿಸುತ್ತಿದ್ದ ಪ್ರವಾಸಿಗರ ಗಾಡಿ ನಿಂತರೂ ಕರಡಿ ದೂರದಲ್ಲೇ ಇತ್ತು. ಒಳ್ಳೆಯ ಫೋಟೊ ಸಿಗಲೆಂದು ಅವಳು ಯಾರಿಗೂ ಕಾಣದಂತೆ ಕಿಟಕಿಯಿಂದ ಹೋಳಿಗೆಯ ತುಂಡುಗಳನ್ನು ಎಸೆದಳು. ಕರಡಿ ಹತ್ತಿರ ಬಂದು ತಿಂದಿತು. ಎಲ್ಲರೂ ಮನಸಾರೆ ಫೋಟೊ ತೆಗೆದುಕೊಂಡರು.

ಮರುದಿನ ಅದೇ ಕರಡಿ ತಿಂಡಿ ಹುಡುಕುತ್ತ ಊರೊಳಗೆ ಬಂತು. ಶಾಲೆಯ ಬಾಗಿಲಲ್ಲಿ ಅದನ್ನು ಗುಂಡಿಕ್ಕಿ ಕೊಂದರು. ಸಂಜೆ ಆಕಾಶದ ತುಂಬ ಹಸಿರು ಬೆಳಕು ಹರಿದಾಡುತ್ತಿದ್ದರೂ ವಿಮಲಾಕ್ಷಿ ತಲೆಯೆತ್ತದೆ ಅಂತೋನನ ಬಳಿಗೆ ಹೋದಳು.

“ಅದಕ್ಕೆ ರುಚಿ ಹತ್ತಿಸಿದ್ದು ನಾನು. ನೀವು ಬೇಡ ಅಂದಿದ್ರೂ ತಿಂಡಿ ಎಸೆದೆ.”

ಅಂತೋನ ಗಾಡಿಯ ಕನ್ನಡಿಯ ಮೇಲಿನ ಹಿಮ ಒರೆಸಿದ.

“ಕನ್ನಡೀಲಿ ಕಂಡಿತ್ತಮ್ಮ. ಕರಡಿ ಹತ್ತಿರ ಬರ್ಲಿ ಅಂತ್ಲೇ ನಾನೂ ಗಾಡಿ ಬಿಡದೆ ಕಾದೆ.”