ಮಕ್ಕಳ ಸಭೆ

ಆ ಪುಟ್ಟ ಶಾಲೆಯಲ್ಲಿ ಗಂಟೆಯಿಲ್ಲ, ಪರೀಕ್ಷೆಯಿಲ್ಲ, ಬೆತ್ತವಂತೂ ಇಲ್ಲವೇ ಇಲ್ಲ. ಕಲಿಸುವವರನ್ನು ಅಕ್ಕ, ಅಣ್ಣ ಎಂದೇ ಕರೆಯಬೇಕು. ಶಾಲೆಯ ಕೆಲಸಗಳನ್ನೆಲ್ಲ ಮಕ್ಕಳೇ ಸಭೆ ಸೇರಿ, ಕೈ ಎತ್ತಿ ಹಂಚಿಕೊಳ್ಳುತ್ತಾರೆ. ಬೀದಿ ಗುಡಿಸುವ ಅಂಜಿನಮ್ಮ ಇದಕ್ಕೇ ಮರುಳಾಗಿ ಮಗಳನ್ನು ಅಲ್ಲಿಗೆ ಸೇರಿಸಿದ್ದಳು. ತನ್ನ ಕೈಯ ಪೊರಕೆ ಮಗಳ ಕೈಗೆ ಬರಬಾರದು ಎಂಬುದೊಂದೇ ಅವಳ ಹಟ.

ಈಗ ಅವಳು ಶಾಲೆ ನಡೆಸುವ ಅಕ್ಕನ ಮುಂದೆ ನಿಂತಿದ್ದಳು.

"ಮಿಕ್ಕ ಮಕ್ಳಿಗೆ ಒಂದಿನ ತೋಟ, ಒಂದಿನ ಊಟ ಬಡಿಸೋದು ಅಂತ ಬದಲಾಯ್ತದೆ. ನಮ್ ಸಿಂಚನಂಗೆ ಮಾತ್ರ ಸೇರಿದಾಗಿಂದ ಕಕ್ಕಸು ತೊಳೆಯೋದೇ. ಯಾಕಕ್ಕ?"

ಅಕ್ಕ ಮೆಲ್ಲಗೆ ನಕ್ಕರು. "ನಾವು ಹೇಳಿದ್ದಲ್ಲ ಅಂಜಿನಮ್ಮ, ಮಕ್ಕಳೇ ಆರಿಸಿದ್ದು. ಅದರಲ್ಲಿ ನಾವು ತಲೆ ಹಾಕಬಾರದು."

"ಹಂಗಾರೆ ನನ್ನೆದುರಿಗೇ ಇನ್ನೊಂದ್ಸಲ ಕೇಳಿ."

ಸಭೆ ಸೇರಿತು. ಮಕ್ಕಳು ದುಂಡಗೆ ಕೂತರು.

"ಇನ್ಮೇಲೆ ಕಕ್ಕಸಿನ ಕೆಲಸಾನೂ ಎಲ್ಲರೂ ಸರದಿ ಮೇಲೆ ಮಾಡೋಣವಾ?" ಅಕ್ಕ ಕೇಳಿದರು.

"ಬೇಡಕ್ಕ, ಅವಳಷ್ಟು ಚೆನ್ನಾಗಿ ನಮಗೆ ಬರಲ್ಲ," ಎಂದ ಒಬ್ಬ.

"ಅವಳಿಗೆ ವಾಸನೇನೇ ಗೊತ್ತಾಗಲ್ಲ," ಎಂದಳು ಇನ್ನೊಬ್ಬಳು.

ಉಳಿದವರು ಸಿಂಚನಳಿಗೆ ಪ್ರೀತಿಯಿಂದಲೇ ಚಪ್ಪಾಳೆ ತಟ್ಟಿದರು. ಅಂಜಿನಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಒಲ್ಲೆ ಅನ್ನು ನನ್ನವ್ವ, ಒಂದೇ ಒಂದು ಸಲ ಅನ್ನು.

"ಸರಿ, ಸಿಂಚನಾನೇ ಮುಂದುವರೀಲಿ ಅನ್ನೋರು ಕೈ ಎತ್ತಿ."

ಮುಖದ ತುಂಬ ನಗು ಹೊತ್ತು, ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಸಿಂಚನ.